ನಾಲ್ಕು ಬೆರಳು ಬೆಳೆದ ಹುಡುಗಿ

ಬಾಡಿಗೆ ಕೋಣೆಗಳ ಸಾಲೊಂದಿದ್ದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ. ಸಿಂಗಸಂದ್ರದ ನಮ್ಮ ಮನೆಯ ಹಿಂದೆ ಅಂಥ ಸಾಲಿದೆ. ನಾನು ಗೃಹವಿಜ್ಞಾನದ ಪದವೀಧರೆ. ಅಲ್ಲಿನ ಮಕ್ಕಳನ್ನೆಲ್ಲ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅವರವರ ಕೋಣೆಯ ಗೋಡೆಗೆ ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೀಟೆಳೆದು ತಾರೀಕು ಬರೆಯುತ್ತೇನೆ. ಯಾದಗಿರಿ ಕಡೆಯವರ ಮೂರು ವರ್ಷದ ಮಗಳಿಗೆ ಮಾತ್ರ ಈ ದೀಪಾವಳಿಯ ಗೀಟು ಯುಗಾದಿಯ ಗೀಟಿನ ಮೇಲೇ ಬಂತು, ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಊಟ

ಅವಳ ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. "ಮಗು ಏನು ತಿಂತಮ್ಮ?" ಅಂದೆ.

"ಚಾ ಬಿಸ್ಕೀಟ್ ತಿಂದಾಳ್ರಿ."

"ಮಧ್ಯಾಹ್ನ?"

"ಅದೇ ರೀ."

"ಒಂದು ಮೊಟ್ಟೆ ಕೊಡಬಾರದಾ?"

"ತತ್ತಿ ತಂದಿದ್ದೆರಿ, ಅವರಪ್ಪಗ ಕೊಟ್ಟೆ. ಅಂವ ಸಿಮೆಂಟ್ ಚೀಲ ಹೊರ್ತಾನ. ಇಕಿ ಏನು ಹೊರ್ತಾಳ್ರಿ?"

ವಂಶ

ನಮ್ಮ ಯಜಮಾನರಿಗೆ ಹೇಳಿದೆ. "ಅಪ್ಪ ಕುಳ್ಳ, ಅವ್ವ ಕುಳ್ಳಿ. ಮಗು ತೆಂಗಿನಮರ ಆಗ್ಬುಡ್ತದಾ?" ಅಂದರು.

"ನೀವೂ ಕುಳ್ಳರೇ. ನಮ್ಮ ಮಗ ಆರಡಿ ಹೇಗಾದ?"

"ಅವ್ನು ಮನೇಲಿ ಎಮ್ಮೆ ಇದ್ದಾಗ ಬೆಳೆದೋನು ಕಣೇ."

"ಹಾಗಾದರೆ ಈ ಮಗೂಗೂ ಒಂದು ಲೋಟ ಹಾಲು ಕೊಡೋಣ."

"ಎಮ್ಮೆ ಎಲ್ಲೈತೆ ಈಗ? ಕೊಟ್ಟಿಗೆ ಒಡೆದೇ ಅಲ್ವಾ ಆ ರೂಮು ಕಟ್ಟಿದ್ದು!"

ಮೋರಿ

ಮಳೆ ಬಂದರೆ ಮೋರಿ ನೀರು ನೇರ ಕೋಣೆಗಳಿಗೆ ನುಗ್ಗುತ್ತದೆ. ಆ ಮಗುವಿಗೆ ಮೇಲಿಂದ ಮೇಲೆ ಭೇದಿ. "ತಿಂದದ್ದು ಮೈಗೆ ಹತ್ತಬೇಕಾದರೆ ಮೊದಲು ಮೋರಿ ತೆಗೆಸಿ" ಅಂದೆ ಯಜಮಾನರಿಗೆ.

"ಎಂಗೆ ತೆಗೆಸೋದು? ಮೇಲೆ ಬೇಕರಿ ಐತಲ್ಲ!"

ಮೋರಿ ಮುಚ್ಚಿ ಬೇಕರಿ ಕಟ್ಟಿಸಿದವರು ಇವರೇ. ಮಗುವಿನ ಬಿಸ್ಕತ್ತು ಬರುವುದೂ ಅಲ್ಲಿಂದಲೇ. ಕೊನೆಗೆ ಬೇಕರಿಯ ಮರ್ಯಾದೆ ಉಳಿಸಲು ಕೋಣೆಗಳ ನೆಲವನ್ನೇ ಎತ್ತರಿಸುವುದೆಂದು ತೀರ್ಮಾನವಾಯಿತು.

ಬೆಳವಣಿಗೆ

ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಲು ನಾನೇ ಮಾತಾಡಿ ಬಂದೆ. ತಾಯಿ ಜೊತೆಗಿರಲೇಬೇಕು ಅಂದರು. ಅವಳು ಸೂಪರ್‌ವೈಸರನ ಕೈಕಾಲು ಹಿಡಿದು ಸೋಮವಾರದಿಂದ ರಜೆ ಪಡೆದಳು. ನಾನು ಅತ್ತಿಬೆಲೆಯ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಸೋಮವಾರ ಬೆಳಗ್ಗೆ ಬಂದರೆ, ಮಗುವಿನ ಅಪ್ಪ ಸಾಲಿಗೆಲ್ಲ ಬೇಕರಿಯ ಬಿಸ್ಕತ್ತು ಹಂಚುತ್ತಿದ್ದಾನೆ.

"ಅಮ್ಮಾ, ನಿಮ್ಮ ಗೀಟು ದಾಟ್ಯಾಳ್ರಿ! ನಾಲ್ಕು ಬೆರಳು!"

"ಇವಳ ತಾಯಿ ಎಲ್ಲಿ?"

"ಡ್ಯೂಟಿಗೆ ಹೋದ್ಲರಿ. ಇನ್ನ ದವಾಖಾನಿ ಯಾಕ್ರಿ?"

ಮಗುವನ್ನು ಗೋಡೆಗೆ ನಿಲ್ಲಿಸಿ ನೋಡಿದೆ. ನಿಜ, ತಲೆ ಗೀಟಿಗಿಂತ ನಾಲ್ಕು ಬೆರಳು ಮೇಲಿತ್ತು. ಕಾಲ ಕೆಳಗೆ ಹೊಸ ಕಾಂಕ್ರೀಟೂ ಸರಿಯಾಗಿ ನಾಲ್ಕು ಬೆರಳು. ಹಾಕಿದವನು ಇವನೇ.

"ಬೆಳೆದದ್ದು ನೆಲ ಕಣಪ್ಪ" ಅಂದೆ.

ಅವನು ತಾನೇ ಹಾಕಿದ ನೆಲವನ್ನು ನೋಡಿದ, ಗೋಡೆಯನ್ನು ನೋಡಿದ. ಕೈಯಲ್ಲಿದ್ದ ಬಿಸ್ಕತ್ತನ್ನು ಪೊಟ್ಟಣದೊಳಗೆ ವಾಪಸ್ ಇಟ್ಟ. ಆ ಸೂಪರ್‌ವೈಸರ್ ಇನ್ನೊಮ್ಮೆ ರಜೆ ಕೊಟ್ಟ ಹಾಗೇ.

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಮೀಸೆ ತಿರುವಿದರು. "ನೋಡ್ದೇನೇ? ನೀನು ವರ್ಷವೆಲ್ಲ ಹಾಲು, ಮೊಟ್ಟೆ ಅಂತ ಬಾಯಿ ಬಡ್ಕೊಂಡೆ. ನಾನು ಒಂದು ಲೋಡು ಜಲ್ಲೀಲಿ ಬೆಳೆಸ್ಬುಟ್ಟೆ!"