ಗಂಡಸರ ವಾರ್ಡಿನ ನೀಲಿ ಕಂಬಳಿಯವರಲ್ಲಿ ಒಂದು ಅಹವಾಲು

ಗಂಡಸರ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ವಿರಾಜಮಾನರಾಗಿರುವ, ಅಂಚು ಮುದುಡದ, ಮಡಿಕೆ ಮುರಿಯದ ನೀಲಿ ಕಂಬಳಿಯವರ ಸನ್ನಿಧಾನಕ್ಕೆ, ಕೆಲಕಾಲ ತಮ್ಮ ಅಡಿಯಲ್ಲಿ ಬಾಳಿದ ದರ್ಜಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನೂ ಕ್ಷೇಮ, ಬಲಗಾಲಿನ ಕಿರುಬೆರಳೊಂದನ್ನು ಬಿಟ್ಟು. ಆ ಬೆರಳಿನ ವಿಚಾರವಾಗಿಯೇ ಈ ಪತ್ರ.

ನನ್ನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಹಳೇ ಸೈಕಲ್ ಟ್ಯೂಬಿನಂತೆ ಉಬ್ಬಿಕೊಂಡಿದ್ದರಿಂದ ಅದಕ್ಕೆ ಆಪರೇಷನ್ ಆಯಿತು. ಮಾಡುವ ಮೊದಲೇ ದೊಡ್ಡ ಡಾಕ್ಟರು ನನ್ನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು, ಅಪರೂಪಕ್ಕೊಮ್ಮೆ ಹೆಪ್ಪುಗಟ್ಟಿದ ರಕ್ತದ ಚೂರೊಂದು ಜಾರಿ ಕಾಲಿನ ನಾಳಕ್ಕೆ ಅಡ್ಡ ಕೂತು, ಕಾಲಿಗೆ ರಕ್ತವೇ ಹೋಗದಂತಾಗಬಹುದು, ಬೇಗ ಗಮನಿಸದಿದ್ದರೆ ಕಾಲನ್ನೇ ತೆಗೆಯಬೇಕಾಗುತ್ತದೆ ಎಂದು ಬಿಡಿಸಿ ಹೇಳಿದ್ದರು. ಹೊಲಿಗೆ ಯಂತ್ರವನ್ನು ಕಾಲಲ್ಲಿ ತುಳಿದೇ ಹೊಟ್ಟೆ ಹೊರೆಯುವ ನಾನು, ಅಪರೂಪದ್ದೆಲ್ಲ ನಮ್ಮಂಥವರ ಪಾಲಿಗೆ ಎಲ್ಲಿ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಬಂತು ನೋಡಿ.

ಮಾರನೆಯ ಬೆಳಿಗ್ಗೆ ಬಲಗಾಲು ತಣ್ಣಗಿದೆ ಎಂದೆ, ತಮ್ಮನ್ನು ಹೊದಿಸಿದರು. ಇನ್ನೂ ತಣ್ಣಗಿದೆ ಎಂದೆ. ತಮ್ಮ ಮೇಲೆ ತಮ್ಮ ಸೋದರರನ್ನು ಹೊದಿಸಿದರು. ಜೋಮು ಹಿಡಿದಿದೆ ಎಂದದ್ದಕ್ಕೆ, ಬೆನ್ನಿಗೆ ಕೊಟ್ಟ ಅರಿವಳಿಕೆ ಮದ್ದು ಇನ್ನೂ ಇಳಿದಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ರೌಂಡ್ಸಿನ ಹೊತ್ತಾಯಿತು. ವಾರ್ಡಿನ ಶಿಸ್ತು ತಮಗೆ ತಿಳಿಯದ್ದೇನಲ್ಲ: ದೊಡ್ಡ ಡಾಕ್ಟರು ಬರುವ ಮುನ್ನ ಹಿರಿಯ ನರ್ಸಮ್ಮ ಎಲ್ಲ ಕಂಬಳಿಗಳ ಸುಕ್ಕು ನೀವಿ, ಕಾಲಿನ ಕಡೆಯ ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸುತ್ತಾರೆ; ಆಮೇಲೆ ಅದನ್ನು ಕೆದಕುವ ಎದೆಗಾರಿಕೆ ಯಾರಿಗೂ ಇಲ್ಲ. ಪಾದದ ನಾಡಿ ಹಿಡಿದು ನೋಡಬೇಕಾದ ಕಿರಿಯ ಡಾಕ್ಟರು ಕಂಬಳಿಯವರಾದ ತಮ್ಮ ಘನತೆಗೆ ಭಂಗ ತರಲಾರದೆ, ತಮ್ಮ ಮೇಲಿನಿಂದಲೇ ನನ್ನ ಪಾದ ತಟ್ಟಿ ಎಲ್ಲ ಚೆನ್ನಾಗಿದೆ ಎಂದರು. ದೊಡ್ಡ ಡಾಕ್ಟರು ವಾರ್ಡಿನ ಅಚ್ಚುಕಟ್ಟನ್ನು ಮೆಚ್ಚಿ ಮುಂದೆ ನಡೆದರು. ಇಷ್ಟು ಚೆನ್ನಾಗಿ ಮುಚ್ಚುವ ಶಕ್ತಿ ನಾನು ಹೊಲಿದ ಯಾವ ಕೋಟಿಗೂ ಬಂದಿಲ್ಲ.

ಇನ್ನು ನನ್ನ ಹೆಂಡತಿ ತಮಗೆಸಗಿದ ಅಪಚಾರ. ಅವಳ ಪಾದಗಳು ಹುಟ್ಟಿನಿಂದಲೇ ತಣ್ಣಗೆ. ಮದುವೆಯಾದ ಲಾಗಾಯ್ತಿನಿಂದ ಅವನ್ನು ನನ್ನ ಬಲಗಾಲಿಗೆ ಆನಿಸಿ ಕಾಯಿಸಿಕೊಂಡೇ ನಿದ್ದೆ ಮಾಡಿದವಳು. ಮನೆಯಲ್ಲಿ ಆ ಕಾಲಿಗೆ ಒಲೆ ಎಂದೇ ಹೆಸರು. ನೋಡಲು ಬಂದವಳು, ಆಸ್ಪತ್ರೆಯ ನೆಲ ಕೊರೆಯುತ್ತದೆಂದು ಗೊಣಗುತ್ತ ಕಾಲ ಬಳಿ ಕೂತು, ಚಪ್ಪಲಿ ಕಳಚಿ, ಮನೆಯದೇ ಸಲುಗೆಯಲ್ಲಿ ತಮ್ಮ ಅಂಚನ್ನು ಕಿತ್ತು ಪಾದ ಒಳಗೆ ತೂರಿಸಿದಳು. ಮರುಕ್ಷಣ ಎದ್ದು ನಿಂತು, ವಾರ್ಡಿಗೆಲ್ಲ ಕೇಳುವಂತೆ, "ಇದು ನಮ್ಮನೆಯವರ ಕಾಲಲ್ಲ" ಎಂದಳು.

ಆಪರೇಷನ್ನಿನಲ್ಲಿ ಕಾಲು ಅದಲುಬದಲು ಮಾಡುವ ಪದ್ಧತಿಯಿಲ್ಲವೆಂದು ನರ್ಸಮ್ಮ ತಾಳ್ಮೆಯಿಂದ ತಿಳಿಹೇಳಿದರು. ಇವಳು ಕೇಳುವವಳೇ? ತಮ್ಮನ್ನೂ ತಮ್ಮ ಸೋದರರನ್ನೂ ಎತ್ತಿ ನೆಲಕ್ಕೆ ಬಿಸಾಕಿದಳು. ಕೆಳಗೆ ನನ್ನ ಪಾದ ಬಿಳಿಚಿಕೊಂಡಿತ್ತು, ಬೆರಳುಗಳು ತಮ್ಮಂತೆಯೇ ನೀಲಿ ಬಣ್ಣಕ್ಕೆ ತಿರುಗಿದ್ದವು. ಕಿರಿಯ ಡಾಕ್ಟರು ನಾಡಿ ಹುಡುಕಿದರು, ಸಿಗಲಿಲ್ಲ, ಓಡಿದರು. ಮತ್ತೆ ಆಪರೇಷನ್ನಿಗೆ ತಳ್ಳಿಕೊಂಡು ಹೋಗುವಾಗ, ಇನ್ನು ತುಳಿಯುವ ಕಾಲು ಇರುವುದಿಲ್ಲವೆಂದು ಮಗುವಿನಂತೆ ಅತ್ತೆ, ಸ್ವಾಮಿ. ಚೂರನ್ನು ತೆಗೆದರು, ರಕ್ತ ಹರಿಯಿತು, ಕಾಲು ಉಳಿಯಿತು. ಕಿರುಬೆರಳು ಮಾತ್ರ ತಮ್ಮ ಬಣ್ಣವನ್ನೇ ಮೆಚ್ಚಿಕೊಂಡು ಹಿಂತಿರುಗಲು ಒಪ್ಪಲಿಲ್ಲ.

ಆದ್ದರಿಂದ ವಿನಮ್ರ ಕೋರಿಕೆ: ಇನ್ನು ಮುಂದೆ ತಮ್ಮ ಕೆಳಗೆ ಯಾರ ಕಾಲಾದರೂ ತಣ್ಣಗಾದರೆ ದಯವಿಟ್ಟು ಕೆಮ್ಮಬೇಕು, ಆಗದಿದ್ದರೆ ರೌಂಡ್ಸಿನ ಹೊತ್ತಿಗೆ ತಾವಾಗಿಯೇ ಜಾರಿ ನೆಲಕ್ಕೆ ಬೀಳಬೇಕು, ಅದೂ ಘನತೆಗೆ ಕುಂದೆನಿಸಿದರೆ, ಪ್ರತಿ ರೋಗಿಗೂ ತಣ್ಣನೆಯ ಪಾದದ ಹೆಂಡತಿಯೊಬ್ಬಳನ್ನು ಆಸ್ಪತ್ರೆಯಿಂದಲೇ ಒದಗಿಸಲು ಶಿಫಾರಸು ಮಾಡಬೇಕು. ನನ್ನವಳನ್ನು ಮಾತ್ರ ಕೇಳಬೇಡಿ, ನಮ್ಮ ಒಲೆ ಮತ್ತೆ ಹೊತ್ತಿದೆ.

ತಮ್ಮ ಬೆಚ್ಚನೆಯ ಆಶ್ರಯವನ್ನು ಎಂದಿಗೂ ಮರೆಯಲಾರದ,
ತಮ್ಮ ವಿಶ್ವಾಸಿ,
ಒಂಬತ್ತು ಕಾಲ್ಬೆರಳಿನ ದರ್ಜಿ

ಮರೆತ ಮಾತು: ಕಾಲಿನ ಕಡೆ ತಾವು ಒಂದು ಗೇಣು ಗಿಡ್ಡವಾಗಿರುವುದು ಇಷ್ಟರಲ್ಲಿ ತಮ್ಮ ಅರಿವಿಗೆ ಬಂದಿರಬೇಕು. ಮನೆಗೆ ಹೊರಡುವ ಹಿಂದಿನ ದಿನ ಹೆಂಡತಿ ಊಟದ ಚೀಲದಲ್ಲಿ ನನ್ನ ಕತ್ತರಿ, ಸೂಜಿ, ದಾರ ತಂದುಕೊಟ್ಟಿದ್ದಳು. ಅಂಚು ಮಡಚಿ ಕೈಹೊಲಿಗೆ ಹಾಕಿದ್ದೇನೆ, ಎಳೆ ಬಿಡುವುದಿಲ್ಲ. ನರ್ಸಮ್ಮ ಎಷ್ಟು ಎಳೆದರೂ ಈಗ ತಾವು ಹಾಸಿಗೆಯ ಅಡಿಗೆ ಎಟುಕುವುದಿಲ್ಲವಂತೆ. ಆ ಮಂಚಕ್ಕೆ ಬಂದ ಹೊಸಬನ ಎರಡೂ ಪಾದ ಹೊರಗೇ ಕಾಣುತ್ತವಂತೆ. ಮೊನ್ನೆ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಬಗ್ಗಿ ಅವನ್ನು ಮುಟ್ಟಿ ನೋಡಿದರಂತೆ. ಗಾಯದ ಪಟ್ಟಿ ಬದಲಿಸಿಕೊಳ್ಳಲು ಮುಂದಿನ ವಾರ ಬರುತ್ತಿದ್ದೇನೆ. ಅಳತೆಗೆ ಸಿದ್ಧವಾಗಿರಲು ತಮ್ಮ ಸೋದರರಿಗೆ ಹೇಳಿ.