ನೀರು ಬರುತ್ತದೆ ಎಂದು ಹೇಳಲು ಹೋದವನ ಪಾಡು

ಹೊಳೆ ಬರುವುದಕ್ಕೂ ಹೊಳೆ ಬರುತ್ತದೆ ಎಂಬ ಸುದ್ದಿ ಬರುವುದಕ್ಕೂ ನನ್ನ ನೌಕರಿಯ ಕಾಲದಲ್ಲಿ ಎಂದೂ ಹೊಂದಾಣಿಕೆ ಆಗಲಿಲ್ಲ. ಒಮ್ಮೆ ಸುದ್ದಿ ಮೊದಲು ಬಂದು ಕಾದು ಕಾದು ಬೇಸತ್ತು ಹೋಗುತ್ತಿತ್ತು, ಇನ್ನೊಮ್ಮೆ ಹೊಳೆಯೇ ಮೊದಲು ಬಂದು ಸುದ್ದಿಯ ದಾರಿ ಕಾಯುತ್ತಿತ್ತು. ಎಂಬತ್ತರ ದಶಕದಲ್ಲಿ ನಾನು ಸರಕಾರಿ ಗುಮಾಸ್ತ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಎಂದು ವರ್ಗವಾಗುತ್ತ ತಿರುಗಿದೆ. ಎಲ್ಲಿ ಹೋದರೂ ಮಳೆಗಾಲ ಬಂತೆಂದರೆ ಸಾಹೇಬರು ನನ್ನ ಕಡೆ ಕೈ ಮಾಡಿ, "ಇವ್ರಿಗೆ ಹೊಳಿ ಕೆಲಸ ಗೊತ್ತೈತಿ, ಇವ್ರಿಗೇ ಕೊಡ್ರಿ" ಅನ್ನುತ್ತಿದ್ದರು. ನಿನಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಬರುವುದಿಲ್ಲ. ಆ ನಾಲ್ಕು ತಿಂಗಳು ನಾನು ಕುರ್ಚಿಯ ತುದಿಯಲ್ಲೇ ಇರುತ್ತಿದ್ದೆ. ಫೋನು ಹೊಡೆದುಕೊಂಡರೆ ಏಳುವುದು, ಗುಡುಗಿದರೆ ಏಳುವುದು. ತಾಟಿನ ಮುಂದೆ ಕುಳಿತರೂ ಕಿವಿ ಹೊರಗೆ. "ನಿಮಗ ಊಟಕ್ಕ ಹಾಕೂದಕ್ಕಿಂತ ಡಬ್ಬಿ ಕಟ್ಟಿ ಕೊರಳಿಗೆ ಹಾಕೂದು ಚಲೋ" ಅನ್ನುತ್ತಿದ್ದಳು ಮನೆಯಾಕೆ.

೧. ತಂತಿ

ಮೊದಲ ಸಲ ಈ ಕೆಲಸ ಬಿದ್ದದ್ದು ರಾಣೆಬೆನ್ನೂರಿನ ಕಡೆ. ಮೇಲಿನ ಅಣೆಕಟ್ಟಿನಿಂದ ತುಂಗಭದ್ರೆಗೆ ನೀರು ಬಿಡುವ ಮೊದಲು ನಮಗೆ ತಂತಿ ಬರಬೇಕು, ನಾವು ದಂಡೆಯ ಹಳ್ಳಿಗಳ ಜನರನ್ನು ಎಬ್ಬಿಸಬೇಕು. ಕಾಗದದ ಮೇಲೆ ಏರ್ಪಾಡು ಚೆನ್ನಾಗಿಯೇ ಇತ್ತು. ನಾನು ಅಂಥದೊಂದು ಹಳ್ಳಿಯ ಶಾಲೆಯಲ್ಲಿ ಮುಕ್ಕಾಂ ಮಾಡಿ ತಂತಿಯ ದಾರಿ ನೋಡುತ್ತಿದ್ದೆ. ಎರಡನೆಯ ದಿನ ಮುಂಜಾನೆ ತಂತಿ ಬರಲಿಲ್ಲ, ಹೊಳೆ ಬಂತು. ಜನ ತಾವೇ ದನಕರು ಹೊಡೆದುಕೊಂಡು ದಿಬ್ಬದ ಮೇಲಿದ್ದ ಶಾಲೆಗೆ ಏರಿದರು. ಮಧ್ಯಾಹ್ನದ ಹೊತ್ತಿಗೆ ಸುತ್ತಲೂ ನೀರು.

ಆಗ ದೂರದಲ್ಲಿ ಒಬ್ಬ ಮನುಷ್ಯ ಎದೆಮಟ್ಟ ನೀರಿನಲ್ಲಿ ಒಂದು ಕೈ ಎತ್ತಿಕೊಂಡು ಬರುತ್ತಿದ್ದ. ಮುಳುಗುತ್ತಿದ್ದಾನೆ ಎಂದು ನಾಲ್ಕು ಮಂದಿ ಹಗ್ಗ ಎಸೆದು ಎಳೆದುಕೊಂಡರು. ನೋಡಿದರೆ ಅಂಚೆಯವರು. ಎತ್ತಿದ ಕೈಯಲ್ಲಿ ನನ್ನ ತಂತಿ, ಒಂದು ಹನಿಯೂ ತಾಗಿರಲಿಲ್ಲ.

"ಲಗೂನ ಸಹಿ ಮಾಡ್ರಿ. ಅರ್ಜೆಂಟ್ ಐತಿ" ಅಂದರು, ಹಲ್ಲು ಕಡಿಯುತ್ತ.

ಎಲ್ಲರಿಗೂ ಕೇಳುವಂತೆ ಓದಿದೆ. ನೀರು ಬಿಡಲಾಗುವುದು, ಯಾರೂ ಹೊಳೆಗೆ ಇಳಿಯದಂತೆ ನೋಡಿಕೊಳ್ಳುವುದು.

ಅಂಚೆಯವರು ಪ್ಯಾಂಟಿನ ನೀರು ಹಿಂಡಿಕೊಂಡರು. ಆಮೇಲೆ ಹೇಳಿದರು: "ಇದನ್ನ ಮೊದಲ ಓದಿ ಹೇಳಿದ್ರ ನಾನರ ಇಳೀತಿದ್ದಿಲ್ಲಲ್ರೀ."

೨. ಎರಡು ದಿವಸ ಮೊದಲು

ಹಾವೇರಿಗೆ ವರ್ಗವಾದಾಗ ಅಲ್ಲಿ ಹುರುಪಿನ ಸಾಹೇಬರೊಬ್ಬರು ಬಂದಿದ್ದರು. "ನಮ್ಮ ರೋಗ ಏನ್ ಗೊತ್ತೇನ್ರಿ? ತಡಾ ಮಾಡೂದು" ಅಂದರು. ಘಟ್ಟದ ಕಡೆ ಮಳೆ ಬಿದ್ದ ಸುದ್ದಿ ಸಿಕ್ಕ ಕೂಡಲೇ, ವರದಾ ನದಿಗೆ ನೀರು ಬರಲು ಇನ್ನೂ ಎರಡು ದಿವಸ ಇರುವಾಗಲೇ, ಕರ್ಜಗಿಯ ಆಚೆಯ ಒಂದು ಹಳ್ಳಿಯನ್ನು ಖಾಲಿ ಮಾಡಿಸಿದರು. ಟ್ರ್ಯಾಕ್ಟರಿನಲ್ಲಿ ಜನ, ಚಕ್ಕಡಿಯಲ್ಲಿ ಸಾಮಾನು. ಸಂಜೆಯೊಳಗೆ ಎಲ್ಲರೂ ಎತ್ತರದ ಜಾಗದಲ್ಲಿ. ನನ್ನ ನೌಕರಿಯಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೊಂದೇ ದಿನ.

ಮರುದಿನ ಬಿರುಬಿಸಿಲು. ಒಬ್ಬ ಕೋಳಿ ನೋಡಿ ಬರುತ್ತೇನೆಂದು ಹೋದ. ಒಬ್ಬಾಕೆ ಉಪ್ಪಿನಕಾಯಿ ಮರೆತಿದ್ದಳು. ಒಬ್ಬರಿಗೆ ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಹೋದವರನ್ನು ಕರೆತರಲು ಇನ್ನಷ್ಟು ಮಂದಿ ಹೋದರು. ನಾನು ದಾರಿಗೆ ಅಡ್ಡ ನಿಂತು ಬೇಡಿಕೊಂಡೆ. "ಬಂದ್ವಿರಿ, ಬಂದ್ವಿ" ಅನ್ನುತ್ತಲೇ ಎಲ್ಲರೂ ನನ್ನನ್ನು ದಾಟಿದರು. ಮೂರನೆಯ ದಿನ ಬೆಳಿಗ್ಗೆ ಹೊಳೆ ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಆಗ ಊರವರೆಲ್ಲ ತಂತಮ್ಮ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದರು.

ಹರಗೋಲು ತಂದು ಒಬ್ಬೊಬ್ಬರನ್ನೇ ದಾಟಿಸಿದೆವು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಸಾಹೇಬರಿಗೆ ಮಾತ್ರ ತಡೆಯಲಾಗಲಿಲ್ಲ. ಊರಿನ ಹಿರಿಯ ಯಜಮಾನರನ್ನು ನಿಲ್ಲಿಸಿ, "ಎರಡ ದಿವಸ ಮೊದಲ ಹೇಳಿದ್ವಲ್ರೀ" ಅಂದರು.

ಯಜಮಾನರು ಸಮಾಧಾನದಿಂದ ಹೇಳಿದರು: "ಅದ ತಪ್ಪಾತ್ರಿ ಸಾಹೇಬ್ರ. ಒಂದ ತಾಸು ಅಂದ್ರ ಓಡತೀವಿ. ಎರಡ ದಿವಸ ಅಂದ್ರ, ಸಂತಿ ಮುಗಿಸ್ಕೊಂಡ ಹೋಗೂಣು ಅಂತೀವಿ."

೩. ನೋಟೀಸು

ಅದೇ ವರ್ಷ ಮುನ್ನೆಚ್ಚರಿಕೆಯ ಸಭೆಯೊಂದನ್ನು ಕರೆದಿದ್ದೆವು. ಸಭೆಯ ದಿನ ದಾರಿಯ ಹಳ್ಳ ತುಂಬಿ ಯಾರೂ ಬರುವಂತಿರಲಿಲ್ಲ. ನೋಟೀಸು ನಾನೇ ಬರೆದೆ: "ಹಳ್ಳಕ್ಕೆ ನೀರು ಬಂದ ಕಾರಣ, ನೀರು ಬಂದರೆ ಏನು ಮಾಡಬೇಕೆಂಬ ಸಭೆಯನ್ನು ನೀರು ಇಳಿದ ಮೇಲೆ ನಡೆಸಲಾಗುವುದು." ಸಾಹೇಬರು ಎರಡು ಸಲ ಓದಿದರು, ನಗಲಿಲ್ಲ.

"ನೀರು ಬಾಳ ಆತು. ಒಂದ ಕಡೆ ತಗೀರಿ."

"ಯಾವ್ದು ತಗೀಲಿರಿ?"

"ಹಳ್ಳದ್ದು" ಅಂದರು.

೪. ಹಮಾಲರ ಮೊಣಕಾಲು

ಬ್ಯಾಡಗಿಗೆ ಬಂದಾಗ ಇನ್ನು ಹೊಳೆಯ ಕಾಟ ತಪ್ಪಿತು ಅಂದುಕೊಂಡೆ. ಆದರೆ ಅಲ್ಲಿ ಮೆಣಸಿನಕಾಯಿ. ಸುಗ್ಗಿಯಲ್ಲಿ ಪೇಟೆಯ ಬಯಲ ತುಂಬ ಕೆಂಪು ರಾಶಿ ಬಿದ್ದಿರುವಾಗ ಅಕಾಲದ ಮಳೆ ಬಂದರೆ ರೈತನೂ ಮುಳುಗಿದ, ವ್ಯಾಪಾರಿಯೂ ಮುಳುಗಿದ. ತಾಡಪತ್ರಿ ಹೊದಿಸಲು ಅರ್ಧ ತಾಸು ಬೇಕು, ಮೋಡ ಕೊಡುವುದು ಹತ್ತು ನಿಮಿಷ.

ಅಲ್ಲೊಬ್ಬರು ವಯಸ್ಸಾದ ಹಮಾಲರಿದ್ದರು. ಮಳೆಗೆ ಎರಡು ತಾಸು ಮೊದಲು ಅವರ ಎರಡೂ ಮೊಣಕಾಲು ನೋಯುತ್ತಿದ್ದವು. ರೇಡಿಯೋ ಒಣ ಹವೆ ಎಂದ ದಿನವೂ ಅವರು ಚೀಲದ ಮೇಲೆ ಕುಳಿತು ಕಾಲು ತಿಕ್ಕಿಕೊಂಡರೆ ಸಾಕು, ಇಡೀ ಪೇಟೆ ಸೀನುತ್ತ ಕೆಮ್ಮುತ್ತ ತಾಡಪತ್ರಿ ಎಳೆಯುತ್ತಿತ್ತು. ನಮ್ಮ ಸಾಹೇಬರು ಮೊದಲು ನಕ್ಕರು. ಆಮೇಲೆ ದಿನಾ ಬೆಳಿಗ್ಗೆ ನನ್ನನ್ನೇ ಕಳಿಸತೊಡಗಿದರು: "ಹೋಗಿ ಕಾಲು ನೋಡ್ಕೊಂಡು ಬರ್ರಿ."

ಊರಿಗೆ ಹೊಸದಾಗಿ ಬಂದ ಡಾಕ್ಟರೊಬ್ಬರು ಒಳ್ಳೆಯವರು. ಮುದುಕರು ಕುಂಟುವುದನ್ನು ನೋಡಲಾರದೆ ತಾವಾಗಿ ಕರೆದು ಔಷಧ, ಸೂಜಿ ಎಂದು ತಿಂಗಳುಗಟ್ಟಲೆ ಉಪಚಾರ ಮಾಡಿದರು. ಒಂದು ದಿನ ಹಮಾಲರು ನನ್ನೆದುರು ಕೂತು ಎದ್ದು ತೋರಿಸಿದರು. "ನೋಡ್ರಿ, ಒಂದೀಟೂ ನೋವಿಲ್ಲ." ಅವರ ಸಂತೋಷ ನೋಡಿ ನನಗೂ ಸಂತೋಷವಾಯಿತು, ಆದರೆ ಕಣ್ಣು ತಾನಾಗಿ ಆಕಾಶದ ಕಡೆ ಹೋಯಿತು.

ಮುಂದಿನ ವಾರ ಮಳೆ ಹೇಳದೆ ಕೇಳದೆ ಬಂತು. ಒಂದು ರಾಶಿಯೂ ಉಳಿಯಲಿಲ್ಲ. ಸಂಜೆ ವ್ಯಾಪಾರಿಗಳೆಲ್ಲ ಗುಂಪಾಗಿ ಡಾಕ್ಟರ ಮನೆಗೆ ಹೋದರು. ಅವರಲ್ಲಿ ಹಿರಿಯರು ಕೈ ಮುಗಿದರು.

"ಡಾಕ್ಟರ್ ಸಾಹೇಬ್ರ, ನೀವು ಮಾಡಿದ್ದು ಪುಣ್ಯದ ಕೆಲಸ, ಇಲ್ಲ ಅನ್ನಂಗಿಲ್ಲ. ಆದ್ರ ಒಂದ ಕಾಲರ ನಮಗ ಬಿಡಬೇಕಿತ್ತು."

೫. ಹಿಂಡಿ

ತೊಂಬತ್ತರ ಆಚೆ ಮತ್ತೆ ರಾಣೆಬೆನ್ನೂರು. ಕುಪ್ಪೇಲೂರಿನ ಆ ಕಡೆ ಒಂದು ಸಣ್ಣ ಹಳ್ಳಿ. ಮೇಲೆ ಕೆರೆ, ಕೆಳಗೆ ಊರು. ವಾರವಿಡೀ ಸುರಿದ ಮಳೆಗೆ ಕೆರೆಯ ಏರಿ ಬಿರಿದಿತ್ತು. ಏರಿಯ ಮೇಲೆ ನಿಂತಿದ್ದ ಇಂಜಿನಿಯರರು ನನಗೆ ಹೇಳಿದರು: "ಒಂದ ತಾಸು ತಡೀಬಹುದು. ಹೆಚ್ಚು ಕೇಳಬ್ಯಾಡ್ರಿ."

ನಾನು ಮೊಪೆಡ್ ಹತ್ತಿ ಊರೊಳಗೆ ಹೋದೆ. ಚಾದಂಗಡಿಯ ಮುಂದೆ ಗಂಡಸರೆಲ್ಲ ಕೂತಿದ್ದರು. "ಕೆರಿ ಒಡಿಯಾಕತ್ತೈತಿ, ಗುಡ್ಡ ಹತ್ರಿ" ಅಂದೆ.

"ಹ್ವಾದ ವರ್ಷನೂ ಹಿಂಗ ಅಂದಿದ್ರಿ" ಅಂದ ಒಬ್ಬ ರೈತ. "ಕುಂದ್ರಿ, ಚಾ ಕುಡೀರಿ."

ಮನೆಮನೆಯ ಬಾಗಿಲು ಬಡಿದೆ. ಒಬ್ಬರು ಅವತ್ತಷ್ಟೇ ಬಿದ್ದ ಬಿಸಿಲಿಗೆ ಒಣಗಲು ಹಾಕಿದ ಬಟ್ಟೆ ನೋಡಿದರು, ಒಬ್ಬರು ಆಕಾಶ ನೋಡಿದರು. ಕಾಲು ತಾಸು ಕಳೆಯಿತು. ಹಾಲು ಮಾರುವ ಮುದುಕಿಯೊಬ್ಬಳು ಎಮ್ಮೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು.

"ಖರೇನ ಏನ್ ತಮ್ಮಾ?"

"ನನ್ನ ಮಕ್ಕಳಾಣಿ ಖರೇ, ಯವ್ವಾ."

ಮುದುಕಿ ಮತ್ತೇನೂ ಕೇಳಲಿಲ್ಲ. ಎಮ್ಮೆಯನ್ನು ಬಿಚ್ಚಿಕೊಂಡು ಚಾದಂಗಡಿಯ ಮುಂದೆಯೇ ಹಾದಳು, ಹಿಂದೆಯೇ ನಾನು. ಎಲ್ಲಿಗೆ ಎಂದು ಯಾರೋ ಕೇಳಿದರು. ಆಕೆ ನಿಲ್ಲದೆ ಹೇಳಿದಳು: "ಗುಡ್ಡದ ಮ್ಯಾಲ ದನಾ ಎಣಸ್ತಾರಂತ. ಒಂದು ದನಕ್ಕ ಒಂದು ಚೀಲ ಹಿಂಡಿ. ಮನಿ ಮಂದಿ ಎಲ್ಲಾರೂ ಬಂದು ನಿಲ್ಲಬೇಕಂತ. ಈ ಸಾಹೇಬ್ರು ಅದಕ್ಕ ಬಂದಾರ, ನಿಮಗ ಹೇಳವಲ್ರು."

ಚಾದ ಕಪ್ಪುಗಳು ಅಲ್ಲಲ್ಲೇ ಉಳಿದವು. ಎಮ್ಮೆ, ಎತ್ತು, ಆಕಳು, ಅವುಗಳ ಹಿಂದೆ ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಹಾಸಿಗೆ ಹಿಡಿದಿದ್ದ ಅಜ್ಜನನ್ನು ಇಬ್ಬರು ಹೊತ್ತು ತಂದರು, ಎಣಿಕೆಯಲ್ಲಿ ಕಡಿಮೆ ಬೀಳಬಾರದಲ್ಲ. ದನ ಇಲ್ಲದವರು ಮೇಕೆ ತಂದರು. ಮೇಕೆಯೂ ಇಲ್ಲದ ಒಬ್ಬ ಪಕ್ಕದ ಮನೆಯ ಕರುವನ್ನು ಹಿಡಿದುಕೊಂಡು ನಿಂತಿದ್ದ. ಮುಕ್ಕಾಲು ತಾಸಿನೊಳಗೆ ಊರಲ್ಲಿ ಒಂದು ಜೀವವೂ ಇರಲಿಲ್ಲ. ನಾನು ಕೊನೆಯ ಮನೆ ನೋಡಿ ಗುಡ್ಡ ಹತ್ತುವಷ್ಟರಲ್ಲಿ ಕೆರೆಯ ಏರಿ ಒಡೆದುಹೋಯಿತು.

ಕೆಂಪು ನೀರು ಓಣಿಯಲ್ಲಿ ನುಗ್ಗಿ, ಚಾದಂಗಡಿಯ ತಗಡು ಎತ್ತಿಕೊಂಡು ಹೋಯಿತು. ಹೆಂಗಸರು ಮಕ್ಕಳ ತಲೆ ಎಣಿಸಿಕೊಂಡರು. ನಾನು ಒಂದು ಕಲ್ಲಿನ ಮೇಲೆ ಕೂತುಬಿಟ್ಟೆ. ಎಲ್ಲರೂ ಇದ್ದರು. ಕಣ್ಣು ತುಂಬಿ ಬಂತು.

ಆಗ ನನಗೆ ಚಾ ಕುಡಿಯಲು ಹೇಳಿದ ರೈತ ಎಮ್ಮೆಯ ಹಗ್ಗ ಹಿಡಿದುಕೊಂಡು ಬಂದು ಎದುರಿಗೆ ನಿಂತ. ಅವನ ಕಣ್ಣೂ ಒದ್ದೆಯಾಗಿತ್ತು. ಕೈ ಮುಗಿದ.

"ನೀರು ಬರತೈತಿ ಅಂದ್ರಿ, ನಾವು ನಂಬಲಿಲ್ಲ. ಆದರೂ ಅದು ಬಂತು, ತಪ್ಪಾತ್ರಿ" ಅಂದ. "ಹಿಂಡೀನ ನಾವು ಮೊದಲಿಂದ ನಂಬೇವಿ. ಅದು ಎಷ್ಟೊತ್ತಿಗೆ ಬರತೈತ್ರಿ?"