ಅಣ್ಣನ ಸಂಬಂಧಕ್ಕೆ ಜಾರಿದ ನನ್ನ ದವಡೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇನ್ನೂ ಸಿಟ್ಟಿನಲ್ಲೇ ಇದ್ದೇನೆ. ಅಣ್ಣನ ಮೇಲೆ, ಮಾವನ ಮೇಲೆ, ಉಳವಿಯ ಬೀಗರ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಎರಡು ಕಿವಿಗಳ ಮುಂದೆ ಏನೂ ಅರಿಯದವರಂತೆ ಕೂತಿರುವ ಆ ಎರಡು ಕೀಲುಗಳ ಮೇಲೆ!

ಕೀಲುಗಳ ವಿಷಯದಲ್ಲಿ ನಾನು ಸಾಮಾನ್ಯನಲ್ಲ. ಇಡೀ ಶಿಕಾರಿಪುರದಲ್ಲಿ ನನ್ನಷ್ಟು ಚೆನ್ನಾಗಿ ಅಣಕ ಮಾಡುವವನಿಲ್ಲ. ಅಣಕವೆಂದರೆ ಗಂಟಲಿನ ಕೆಲಸ ಎಂದು ತಿಳಿದವರು ದಡ್ಡರು. ಅದು ಮೂಳೆಯ ಕೆಲಸ. ಒಬ್ಬೊಬ್ಬ ಮನುಷ್ಯನೂ ಒಂದೊಂದು ಕೀಲಿನಲ್ಲಿ ವಾಸವಾಗಿರುತ್ತಾನೆ. ನಮ್ಮ ಚನ್ನಬಸಪ್ಪ ಮಾವ ಇರುವುದು ಮೊಣಕಾಲಿನಲ್ಲಿ. ಏಳುವಾಗೊಮ್ಮೆ, ಕೂರುವಾಗೊಮ್ಮೆ ತುಕ್ಕು ಹಿಡಿದ ಗೇಟಿನಂತೆ ಸದ್ದು ಮಾಡುತ್ತಾರೆ. ಅವ್ವ ಇರುವುದು ಮಣಿಕಟ್ಟಿನಲ್ಲಿ. ಸೌಟು ಹಿಡಿದು ಅದನ್ನೊಮ್ಮೆ ತಿರುಗಿಸಿದಳೆಂದರೆ ಮನೆಯೆಲ್ಲ ಗಪ್‌ಚುಪ್. ನಾನು ಸೊಂಟದ ಕೀಲನ್ನು ಕೊಂಚ ಓರೆ ಮಾಡಿ ನಡೆದರೆ ಸಾಕು, ನಮ್ಮ ಓಣಿಯ ಮಕ್ಕಳು ಮೇಷ್ಟ್ರು ಬಂದರೆಂದು ಎದ್ದು ನಿಲ್ಲುತ್ತವೆ!

ಅಣ್ಣ ರುದ್ರೇಶ ಇರುವುದು ಕತ್ತಿನಲ್ಲಿ. ಹೌದೆಂದರೆ ಮೇಲೆ ಕೆಳಗೆ, ಇಲ್ಲವೆಂದರೆ ಅತ್ತ ಇತ್ತ. ಮುಗಿಯಿತು ಅವನ ಭಾಷಣ. ಮೆಕ್ಕೆಜೋಳದ ಮಂಡಿಯ ಕೆಲಸಕ್ಕೆ ಅಷ್ಟು ಸಾಕು, ಮದುವೆಗೆ ಸಾಲದು. ಬಂದ ಸಂಬಂಧಗಳೆಲ್ಲ ತಪ್ಪಿಹೋದವು. "ಹುಡುಗ ಒಳ್ಳೇನೇ, ಆದ್ರೆ ಗೋಡೆ ಜತಿ ಸಂಸಾರ ಮಾಡ್ದಂಗಾಗ್ತೈತಿ" ಎಂದು ಕಳೆದ ಸಲದ ಹುಡುಗಿ ಹೇಳಿಕಳಿಸಿದ್ದಳು. ಉಳವಿಯದೂ ತಪ್ಪಿದರೆ ಇನ್ನು ಹೆಣ್ಣು ನೋಡುವುದೇ ಬೇಡವೆಂದು ಅಣ್ಣ ಘೋಷಿಸಿದ. ಅದನ್ನೂ ಕತ್ತಿನಲ್ಲೇ ಘೋಷಿಸಿದ.

ಹೀಗಾಗಿ ಅಣ್ಣನ ಬಾಯಿಯಾಗಿ ನನ್ನನ್ನು ಸರ್ವಾನುಮತದಿಂದ ನೇಮಿಸಲಾಯಿತು.

"ಮಾತೆಲ್ಲ ನೀನೇ ಆಡು ನಾಗ್ಯಾ," ಎಂದಳು ಅವ್ವ. "ಆದ್ರೆ ಅವರ ಮನ್ಯಾಗ ಯಾರ್ದೂ ಅಣಕ ಮಾಡಬ್ಯಾಡ. ಮಾಡಿದ್ಯೋ, ಹಲ್ಲು ಉದುರಿಸ್ತೀನಿ!"

"ನಾನೇನು ಸಣ್ಣ ಹುಡುಗನಾ ಅವ್ವಾ?" ಎಂದೆ. ಅಷ್ಟು ಆತ್ಮವಿಶ್ವಾಸ ನನ್ನದು.

ಉಳವಿಯಲ್ಲಿ ಹುಡುಗಿಯ ಅಪ್ಪ ವೀರಭದ್ರಪ್ಪನವರನ್ನು ನೋಡಿದ್ದೇ ತಡ, ನನ್ನ ಎದೆ ಬಡಿದುಕೊಂಡಿತು. ಅವರಿದ್ದದ್ದು ದವಡೆಯಲ್ಲಿ! ನಗಲು ಶುರು ಮಾಡಿದರೆ ಕೆಳದವಡೆ ನಿಧಾನವಾಗಿ ಎದೆಯತ್ತ ಇಳಿಯುತ್ತಿತ್ತು, ಅಲ್ಲಿ ಕೊಂಚ ವಿಶ್ರಮಿಸುತ್ತಿತ್ತು, ಆಮೇಲೆ ಸದ್ದು ಹೊರಡುತ್ತಿತ್ತು. ಇಂಥ ದವಡೆಯನ್ನು ಕಂಡೂ ಸುಮ್ಮನಿರುವುದು ಕಲೆಗೆ ಬಗೆಯುವ ದ್ರೋಹ. ಕೈ ತೊಳೆಯುವ ನೆಪದಲ್ಲಿ ಮಾವನನ್ನು ಹಿತ್ತಲಿಗೆ ಕರೆದೊಯ್ದು, "ಇಲ್ನೋಡು ಮಾವಾ" ಎಂದು ಬಾಯಿ ತೆರೆದೆ. ಅಸಲಿಗಿಂತ ಎರಡು ಬೆರಳು ಹೆಚ್ಚೇ ತೆರೆದೆ.

ಕಿವಿಯ ಹತ್ತಿರ 'ಟಕ್' ಎಂದಿತು.

ಮಾವ ಹೊಟ್ಟೆ ಹಿಡಿದು ನಕ್ಕರು. "ಥೇಟ್ ಹಂಗೇ ಐತಿ ನೋಡು! ಸಾಕು, ಮುಚ್ಚೋ!"

ಮುಚ್ಚಬೇಕಂತೆ! ಮುಚ್ಚುವಂತಿದ್ದರೆ ಈ ಬರಹವೇ ಬೇಕಿರಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ವೀರಭದ್ರಪ್ಪನವರೇ ಪ್ರತ್ಯಕ್ಷರಾದರು. ಹುಡುಗ ಖುಷಿಯಿಂದ ನಗುತ್ತಿದ್ದಾನೆಂದು ತಿಳಿದು ತಾವೂ ನಕ್ಕರು. ಎರಡು ದವಡೆಗಳು ಮುಖಾಮುಖಿಯಾದವು. ಅವರದು ಮುಚ್ಚಿಕೊಂಡಿತು. ನನ್ನದು ಇಲ್ಲ.

"ನಮ್ಮವ್ವ ಇದ್ದಿದ್ರೆ ಇವತ್ತು ಎಷ್ಟು ಖುಷಿಪಡ್ತಿದ್ಲು ಮಾರಾಯ್ರೇ," ಎಂದು ಅವರು ಕಣ್ಣೊರೆಸಿಕೊಂಡರು. "ಹೋದ ದೀಪಾವಳಿಗೆ ತೀರ್ಕಂಡ್ಲು."

ನಾನು ನಗುತ್ತಲೇ ಇದ್ದೆ!

"ಎಂತ ಹುಡುಗನ್ರೀ ಇವನು? ಸತ್ತ ಸುದ್ದಿ ಹೇಳಿದ್ರೂ ಹಲ್ಲು ಬಿಡ್ತಾನೆ?"

"ಆ... ಆ..." ಎಂದೆ.

ಆಗ ಮಾವ ನನ್ನನ್ನು ಕಾಪಾಡಲು ಮುಂದೆ ಬಂದರು. ಆ ಸಹಾಯವನ್ನು ನಾನು ಜನ್ಮದಲ್ಲಿ ಕ್ಷಮಿಸುವುದಿಲ್ಲ. "ಬೇಜಾರು ಮಾಡ್ಕಬ್ಯಾಡ್ರಿ ಯಜಮಾನ್ರೇ, ಅವಂಗೆ ಆಗಾಗ ಹಿಂಗಾಗ್ತೈತಿ."

"ಆಗಾಗ?" ವೀರಭದ್ರಪ್ಪನವರ ಮುಖ ಕಪ್ಪಿಟ್ಟಿತು. "ಇದು ವಂಶದಾಗೆ ಇರೋದನ? ಮದುವೆ ಹುಡುಗಂಗೂ ಬರ್ತದನ?"

ನನ್ನ ಮೈಯೆಲ್ಲ ಉರಿದುಹೋಯಿತು. ಮಾವನಿಗೆ ಬೈಯಲು ನನ್ನಲ್ಲಿ ಉಗ್ರಾಣದಷ್ಟು ಬೈಗುಳವಿತ್ತು. ಹೊರಬಂದದ್ದು ಮಾತ್ರ ಒಂದೇ. "ಆ!"

"ನೋಡಿ, ಹೌದು ಅಂತಾನೆ!" ಎಂದರು ವೀರಭದ್ರಪ್ಪನವರು.

ಮುಂದಿನದು ನನ್ನ ಮೂಳೆಗಳ ಮೇಲೆ ನಡೆದ ಸಾರ್ವಜನಿಕ ಪ್ರಯೋಗ. ಕುರಿಯ ಕಾಲು ಕೂಡಿಸಿ ಗೊತ್ತಿದೆ ಎಂದು ಮಾವ ನನ್ನ ಗಲ್ಲವನ್ನು ಕೆಳಗಿನಿಂದ ಗುದ್ದಿದರು. ನಾನೇನು ಕುರಿಯೇ? ಪಕ್ಕದ ಮನೆಯ ಅಜ್ಜಿ ಬಿಸಿ ಎಣ್ಣೆ ತಂದು ತಲೆಗೆ ತಟ್ಟಿದಳು. ಹೆದರಿಸಿದರೆ ತಾನೇ ಮುಚ್ಚುತ್ತದೆಂದು ಯಾರೋ ಕಿವಿಯ ಬಳಿ ತಾಟು ಬಡಿದರು. ಬಾಯಿ ಮುಚ್ಚಲಿಲ್ಲ, ಕಿವಿ ಮುಚ್ಚಿತು!

"ಯಾರೂ ಮುಟ್ಟಬ್ಯಾಡ್ರಿ ಅವನ್ನ!"

ಗುಡುಗಿದಂಥ ಧ್ವನಿ. ಯಾರದೆಂದು ತಿರುಗಿ ನೋಡಿದರೆ, ಅಣ್ಣ! ಊರಿನವರೆಲ್ಲರ ಧ್ವನಿ ತೆಗೆಯುವ ನಾನು ಅಣ್ಣನದನ್ನು ಎಂದೂ ತೆಗೆದಿರಲಿಲ್ಲ. ಕೇಳಿದ್ದರೆ ತಾನೇ?

"ಅವಂಗೆ ಯಾವ ರೋಗಾನೂ ಇಲ್ಲರೀ," ಎಂದು ಅವನು ವೀರಭದ್ರಪ್ಪನವರತ್ತ ತಿರುಗಿದ. "ನಿಮ್ಮ ನಗು ಅಣಕ ಮಾಡಾಕ ಹೋಗಿ ಕೀಲು ಜಾರಿಸ್ಕಂಡಾನ. ತಪ್ಪಾತು. ಸಂಬಂಧ ಬೇಕಾದ್ರೆ ಬಿಡ್ರಿ, ಮೊದ್ಲು ಇವನ್ನ ಸೊರಬದ ಆಸ್ಪತ್ರಿಗೆ ಮುಟ್ಟಿಸ್ರಿ."

ಒಳಗಿನಿಂದ ಕಿಸಕ್ಕೆಂದು ನಗು ಕೇಳಿತು. ಸೆರಗು ಸಿಕ್ಕಿಸಿಕೊಂಡು ಹುಡುಗಿ ಸವಿತಾ ಹೊರಬಂದಳು. "ಅಪ್ಪಯ್ಯ, ಗಾಡಿ ತೆಗಿ. ಡಾಕ್ಟ್ರು ನಂಗೆ ಗೊತ್ತು, ನಾನೂ ಬತ್ತೀನಿ."

ವ್ಯಾನಿನ ಹಿಂದಿನ ಸೀಟಿನಲ್ಲಿ ಆ ಕಡೆ ಅಣ್ಣ, ಈ ಕಡೆ ಸವಿತಾ, ನಡುವೆ ಜೊಲ್ಲು ಸುರಿಸುತ್ತ ನಾನು. ಹೆಣ್ಣು ನೋಡಲೆಂದು ತಂದ ಹೊಸ ಕರ್ಚೀಫಿನಲ್ಲಿ ಅಣ್ಣ ನನ್ನ ಗಲ್ಲ ಒರೆಸುತ್ತಿದ್ದ.

"ಇವ್ರು ಮನೇಲೂ ಹೀಗೇನಾ?" ಎಂದು ಅವಳು ನನ್ನ ತಲೆಯ ಮೇಲಿಂದ ಕೇಳಿದಳು.

ಅಣ್ಣ ಭುಜ ಕುಣಿಸಿದ, ಕತ್ತು ವಾರೆ ಮಾಡಿದ, ಹುಬ್ಬು ಹಾರಿಸಿದ. "ನಾನೇನು ಸಣ್ಣ ಹುಡುಗನಾ ಅವ್ವಾ?" ಎಂದ. ನನ್ನದೇ ಧ್ವನಿ! ನನ್ನದೇ ಕೀಲು! ಇಷ್ಟು ವರ್ಷ ಗೋಡೆಯಂತೆ ಕೂತು ನನ್ನನ್ನೇ ಕಲಿತಿದ್ದ, ಕಳ್ಳ! ಸವಿತಾ ಬಿದ್ದು ಬಿದ್ದು ನಕ್ಕಳು. ಸ್ಟೇರಿಂಗ್ ಹಿಡಿದ ವೀರಭದ್ರಪ್ಪನವರ ದವಡೆಯೂ ಇಳಿಯಿತು. ಸೊರಬ ಮುಟ್ಟುವ ತನಕ ಅಣ್ಣ, ಸವಿತಾ ಇಬ್ಬರ ಮಾತು ನಿಲ್ಲಲಿಲ್ಲ. ಸಿಟ್ಟಿನಿಂದ ಹಲ್ಲು ಕಡಿಯೋಣವೆಂದರೆ, ಹಲ್ಲಿಗೆ ಹಲ್ಲು ಸಿಗಬೇಕಲ್ಲ!

ಡಾಕ್ಟರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕೆಳಗಿನ ದವಡೆಹಲ್ಲುಗಳ ಮೇಲೆ ಒತ್ತಿ ಹಿಂದಕ್ಕೆ ತಳ್ಳಿದರು. 'ಟಕ್!' "ಈ ಕೀಲು ಬಾಗಿಲಿನ ಹಾಗೆ ತೆರೆಯೋದಷ್ಟೇ ಅಲ್ಲ, ಮುಂದಕ್ಕೆ ಜಾರುತ್ತೆ ಕೂಡ. ನಿಂದು ಮುಂದಿನ ಮೂಳೆಯ ದಿಬ್ಬ ದಾಟಿ ಹೋಗಿತ್ತು," ಎಂದರು. ಕೂಡಿಟ್ಟ ಬೈಗುಳವನ್ನೆಲ್ಲ ಬಿಡುಗಡೆ ಮಾಡಲು ನಾನು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಗಲ್ಲದಿಂದ ನೆತ್ತಿಯವರೆಗೆ ಪಟ್ಟಿ ಬಿಗಿದರು. "ಗಂಜಿ ಕುಡಿ. ಮಾತು ಬಂದ್."

ಸಂಬಂಧ ಕುದುರಿತು. ನಿಶ್ಚಿತಾರ್ಥದ ದಿನ ಅಣ್ಣ ಬಂದವರನ್ನೆಲ್ಲ ಮಾತಾಡಿಸುತ್ತ ಓಡಾಡುತ್ತಿದ್ದ. ನಾನು ತಲೆಗೆ ಪಟ್ಟಿ ಕಟ್ಟಿಕೊಂಡು ಮೂಲೆಯ ಕುರ್ಚಿಯಲ್ಲಿ ಕುದಿಯುತ್ತಿದ್ದೆ. ಆ ಎಣ್ಣೆಯ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ ಅವ್ವನನ್ನು ಕೇಳಿದಳು.

"ಈ ಮಾಣಿಗೂ ಹೆಣ್ಣು ನೋಡ್ತಿದೀರನ?"

"ನೋಡ್ಬೇಕು ಅಜ್ಜಿ," ಎಂದಳು ಅವ್ವ. "ಹುಡುಗ ಭಾಳ ಸಾಧು. ಮಾತೇ ಆಡಂಗಿಲ್ಲ."

ನಾನು ಕತ್ತು ಆಡಿಸಿದೆ. ಮೇಲೆ, ಕೆಳಗೆ.